ಕವಲೇದುರ್ಗದ ಇಳಿಜಾರು

ಮಲೆನಾಡಿನ ಕೋಟೆಗಳನ್ನು ನೋಡಬಯಸುವ ಗೃಹಸ್ಥರು ಸಾಮಾನ್ಯವಾಗಿ ನಗರದ ಕೋಟೆಯನ್ನು ನೋಡಿ ತೃಪ್ತರಾಗಿ ಹಿಂದಿರುಗುವುದುಂಟು. ಅದು ಮಾರ್ಗದ ಬದಿಯಲ್ಲಿಯೇ ಇರುವುದರಿಂದ ಮುದುಕರೂ ಮಕ್ಕಳೂ ಹೆಚ್ಚು ಆಯಾಸವಿಲ್ಲದೆ ಹತ್ತಬಹುದು. ಕವಲೇದುರ್ಗವು ಹಾಗಲ್ಲ. ತೀರ್ಥಹಳ್ಳಿಯಿಂದ ಸುಮಾರು ೧೮ ಕಿಲೋಮೀಟರು ದೂರದಲ್ಲಿ, ಕಾಡಿನ ನಡುವೆ, ಒಂದು ಬೆಟ್ಟದ ನೆತ್ತಿಯನ್ನು ಸುತ್ತುವರಿದುಕೊಂಡಿರುವ ಈ ದುರ್ಗವನ್ನು ಕಾಣಬೇಕಾದರೆ ವಾಹನವನ್ನು ಕೆಳಗೆ ಬಿಟ್ಟು ಕಾಲ್ನಡಿಗೆಯಲ್ಲಿಯೇ ಹೋಗತಕ್ಕದ್ದು. ಕಾಲಿನಲ್ಲಿ ಬಲವಿದ್ದವರಿಗೆ ಮಾತ್ರವೇ ಇಲ್ಲಿಯ ದರ್ಶನ. ಆ ಕಾಲಿನ ವಿಷಯವೇ ನಮ್ಮ ಈ ಲೇಖನದ ಬಹುಭಾಗವಾಗಿರುವುದರಿಂದ ವಾಚಕರು ಮೊದಲೇ ಕ್ಷಮಿಸಬೇಕು. ನಾವು ಈ ದುರ್ಗವನ್ನು ಎರಡು ಸಲ ಹತ್ತಿದ್ದೇವೆ. ಮೊದಲನೆಯ ಸಲ ನಮ್ಮ ಜೊತೆಯಲ್ಲಿದ್ದ ಹುಡುಗಿಯನ್ನು ಹೊತ್ತು ಇಳಿಸಬೇಕಾಯಿತು. ಎರಡನೆಯ ಸಲ ಏನಾಯಿತೆಂಬುದನ್ನು ಕೊನೆಯಲ್ಲಿ ಹೇಳುತ್ತೇವೆ. ಇವೆರಡರ ನಡುವೆ ನಡೆದುದನ್ನು, ನಮ್ಮ ತಪ್ಪನ್ನೂ ಮುಚ್ಚಿಡದೆ, ಬರೆಯುವುದೇ ನಮ್ಮ ಉದ್ದೇಶ.

ಮೊದಲ ಪ್ರಯಾಣವು ಎರಡು ವರ್ಷಗಳ ಹಿಂದೆ, ಮಾರ್ಗಶಿರ ಮಾಸದಲ್ಲಿ ನಡೆಯಿತು. ನಾವು, ನಮ್ಮ ತಂಗಿ, ಅವಳ ಕಿರಿಯ ಮಗಳು, ಈ ಮೂವರೇ ಹೊರಟಿದ್ದೆವು. ಹುಡುಗಿಗೆ ಆಗ ಹದಿನೇಳು ವರ್ಷ, ಪಿ.ಯು.ಸಿ. ಓದುತ್ತಿದ್ದಳು. ಹಳ್ಳಿಯ ಕೊನೆಯ ಮನೆಯನ್ನು ದಾಟಿದೊಡನೆ ದಾರಿಯು ಬತ್ತದ ಗದ್ದೆಗಳ ಬದಿಯಲ್ಲಿ ಸಾಗುತ್ತದೆ. ಕೊಯ್ಲು ಮುಗಿಯುತ್ತ ಬಂದಿತ್ತು. ಗದ್ದೆಯ ಅಂಚನ್ನು ಬಿಟ್ಟು ಕಾಡನ್ನು ಹೊಕ್ಕರೆ ಕಲ್ಲು ಹಾಸಿದ ಹಳೆಯ ದಾರಿಯು ಸಿಕ್ಕುವುದು. ಎಷ್ಟೋ ತಲೆಮಾರುಗಳ ಪಾದಗಳಿಂದಲೂ ಮಲೆನಾಡಿನ ಮಳೆಯಿಂದಲೂ ಆ ಕಲ್ಲುಗಳು ನುಣ್ಣಗಾಗಿವೆ. ಸಂದುಗಳಲ್ಲಿ ಹಾವಸೆ ಬೆಳೆದಿದೆ. ಮಳೆ ನಿಂತು ಎರಡು ತಿಂಗಳಾಗಿದ್ದರೂ ನೆರಳಿನ ಕಡೆಯಲ್ಲಿ ಕಲ್ಲು ಇನ್ನೂ ತೇವವಾಗಿಯೇ ಇದ್ದಿತು.

ಏರುತ್ತ ಹೋದಂತೆ ಒಂದರ ಹಿಂದೊಂದಾಗಿ ಹೆಬ್ಬಾಗಿಲುಗಳು ಎದುರಾಗುತ್ತವೆ. ಭಾರಿ ಕಣಶಿಲೆಯ ದಿಮ್ಮಿಗಳಿಂದ ಕಟ್ಟಿದ ಗೋಡೆಗಳು ಬೆಟ್ಟದ ಮೈಯನ್ನೇ ಅನುಸರಿಸಿ ಡೊಂಕುಡೊಂಕಾಗಿ ಹೋಗಿವೆ. ಬಾಗಿಲುಗಳ ಒಳಗಡೆ ಕಾವಲಿನವರು ಕುಳಿತುಕೊಳ್ಳುತ್ತಿದ್ದ ಕೋಣೆಗಳು ಈಗಲೂ ನಿಂತಿವೆ. ಭುವನಗಿರಿದುರ್ಗವೆಂಬ ಇನ್ನೊಂದು ಹೆಸರುಳ್ಳ ಈ ಕೋಟೆಯನ್ನು ಕೆಳದಿಯ ಅರಸರು, ಅವರಲ್ಲಿಯೂ ವಿಶೇಷವಾಗಿ ವೆಂಕಟಪ್ಪನಾಯಕನು, ಬಲಪಡಿಸಿದರೆಂದು ಹೇಳುವರು. ಕೆಳದಿಯಿಂದ ಇಕ್ಕೇರಿಗೂ ಇಕ್ಕೇರಿಯಿಂದ ಬಿದನೂರಿಗೂ ರಾಜಧಾನಿಯು ಬದಲಾದರೂ ಆಪತ್ಕಾಲದ ಆಶ್ರಯವಾಗಿ ಕವಲೇದುರ್ಗದ ಮಹತ್ವವು ಕುಂದಲಿಲ್ಲ. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದಾಗ ಕೆಳದಿಯ ರಾಜ್ಯವು ಮುಗಿಯಿತು. ಈ ದುರ್ಗವೂ ಅವನ ಕೈಸೇರಿತು. ಈಗ ತೀರ್ಥಹಳ್ಳಿಯ ಹೆಸರನ್ನು ಹೊತ್ತಿರುವ ತಾಲ್ಲೂಕಿಗೆ ಒಂದು ಕಾಲದಲ್ಲಿ ಕವಲೇದುರ್ಗದ ಹೆಸರೇ ಇದ್ದಿತೆಂದರೆ ಅದರ ಹಿಂದಿನ ಪ್ರತಿಷ್ಠೆಯನ್ನು ಊಹಿಸಬಹುದು.

ಒಳಗೆ ಕಾಶೀವಿಶ್ವನಾಥನ ಗುಡಿಯೂ ಅದರ ಮುಂದೆ ಎತ್ತರವಾದ ಎರಡು ಕಂಬಗಳೂ ಇವೆ. ಅರಮನೆಯಿದ್ದ ಸ್ಥಳದಲ್ಲಿ ಈಗ ಕಲ್ಲಿನ ತಳಪಾಯವೂ ಕಂಬಗಳ ಸಾಲೂ ಮಾತ್ರ ಉಳಿದಿವೆ. ಅಡುಗೆಮನೆಯ ಕಲ್ಲಿನ ಒಲೆಯನ್ನು ನೋಡಿ ನಮ್ಮ ತಂಗಿಯು ಬಹಳ ಹೊತ್ತು ಅಲ್ಲಿಯೇ ನಿಂತಳು. ನೆತ್ತಿಯಲ್ಲಿ ಶಿಖರೇಶ್ವರನ ಚಿಕ್ಕ ಗುಡಿ. ಅಲ್ಲಿಂದ ಪಡುವಣಕ್ಕೆ ಘಟ್ಟಗಳ ಸಾಲು ಒಂದರ ಹಿಂದೊಂದು ನೀಲಿಯಾಗಿ ಕಾಣುತ್ತದೆ. ಹುಡುಗಿಯು ಈ ಸ್ಥಳಗಳನ್ನೆಲ್ಲ ನಮಗಿಂತ ಮೊದಲೇ ತಲಪಿ, ನಾವು ಏದುತ್ತ ಬರುವುದನ್ನು ನೋಡಿ ನಗುತ್ತಿದ್ದಳು.

ಅನಾಹುತವಾದುದು ಇಳಿಯುವಾಗ. ಎರಡನೆಯ ಬಾಗಿಲನ್ನು ದಾಟಿ ಕಡಿದಾದ ಮೆಟ್ಟಿಲುಗಳಿರುವಲ್ಲಿ ತಾಯಿಯು ಹಿಂದಿನಿಂದ ಏನೋ ಕರೆದಳು. ಹುಡುಗಿಯ ಎಡಗಾಲು ಕೆಳಗಿನ ಕಲ್ಲಿನ ಮೇಲೆ ಊರಿಯೇ ಇತ್ತು. ಅವಳು ಮೈಯನ್ನು ಮಾತ್ರ ತಿರುಗಿಸಿದಳು. ಮರುಕ್ಷಣದಲ್ಲಿ ಕುಸಿದು ಕುಳಿತಳು. ನಾವು ಹತ್ತಿರ ಹೋಗಿ ನೋಡಿದಾಗ ಮಂಡಿಯ ಮುಂದಿರಬೇಕಾದ ಚಿಪ್ಪು ಹೊರಮಗ್ಗುಲಿಗೆ ಜಾರಿ ಗಂಟಿನಂತೆ ಎದ್ದುಕೊಂಡಿತ್ತು. ನಮಗೆ ಕೈಕಾಲು ಆಡದಾಯಿತು. ಆದರೆ ಹುಡುಗಿಯು ಹಲ್ಲು ಕಚ್ಚಿಕೊಂಡು ಕಾಲನ್ನು ಮೆಲ್ಲಮೆಲ್ಲನೆ ನೀಳವಾಗಿ ಚಾಚಿದಳು. ಚಿಪ್ಪು ಲಟಕ್ಕನೆ ತನ್ನ ಸ್ಥಳಕ್ಕೆ ಮರಳಿತು. ಹೀಗೆ ಮಾಡಬೇಕೆಂಬುದು ಅವಳಿಗೆ ಹೇಗೆ ತಿಳಿದಿತ್ತು? ತಾಯಿಯು ಕೇಳಿದಾಗ ಅವಳು ಅಳುತ್ತ, "ಇದು ಮೂರನೆಯ ಸಲ, ಅಮ್ಮ" ಎಂದಳು. ಕೆಳಗಿನ ಗದ್ದೆಯಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ಪುಣ್ಯಾತ್ಮರು ಬಂದು, ಕುರ್ಚಿಯೊಂದಕ್ಕೆ ಬಿದಿರು ಕಟ್ಟಿ, ಅವಳನ್ನು ಹೊತ್ತು ತಂದರು. ಹಣ ಕೊಡಹೋದರೆ ಮುಟ್ಟಲಿಲ್ಲ.

ಮೊದಲನೆಯ ಸಲ ಆದುದು ನಮಗೆ ಗೊತ್ತಿತ್ತು. ಒಂಬತ್ತನೆಯ ತರಗತಿಯಲ್ಲಿದ್ದಾಗ ಖೋ ಖೋ ಆಡುತ್ತ ಬಿದ್ದು ಮಂಡಿ ಬಾತಿತ್ತು. ಆಗ ತಂಗಿಯು ನಮ್ಮನ್ನು ಕೇಳಿದಳು. "ಎಣ್ಣೆ ತಿಕ್ಕಿ ಪಟ್ಟಿ ಕಟ್ಟಿದರೆ ವಾಸಿಯಾಗುತ್ತದೆ, ಬೆಳೆಯುವ ಮಕ್ಕಳಿಗೆ ಇದೆಲ್ಲ ಸಹಜ" ಎಂದು ಉತ್ತರ ಕೊಟ್ಟವರು ನಾವೇ. ಬಾವು ಇಳಿಯಿತು, ನಮ್ಮ ಮಾತು ನಿಜವಾಯಿತೆಂದು ಹಿಗ್ಗಿದೆವು. ಎರಡನೆಯ ಸಲ ಶಾಲೆಯ ಮಹಡಿಯಿಂದ ಇಳಿಯುವಾಗ ಜಾರಿತ್ತಂತೆ. ಹುಡುಗಿಯು ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಆಟವನ್ನು ಬಿಡಿಸುವರೆಂಬ ಹೆದರಿಕೆ ಒಂದು. ಕಾಲಿನಲ್ಲಿ ಐಬಿದೆಯೆಂಬ ಮಾತು ನೆಂಟರ ಕಿವಿಗೆ ಬಿದ್ದರೆ ಅಮ್ಮನಿಗೆ ನೋವಾಗುವುದೆಂಬ ಯೋಚನೆ ಇನ್ನೊಂದು. ಹದಿನೈದು ವರ್ಷದ ಮಗುವು ಇಷ್ಟನ್ನು ಒಳಗೇ ಇಟ್ಟುಕೊಂಡು ನಡೆದಾಡುತ್ತಿತ್ತೆಂಬುದು ಹಿರಿಯರಾದ ನಮಗೆ ತಿಳಿಯಲಿಲ್ಲ.

ಶಿವಮೊಗ್ಗದಲ್ಲಿ ಮೂಳೆಯ ವೈದ್ಯರೊಬ್ಬರು ಅವಳನ್ನು ಪರೀಕ್ಷಿಸಿದರು. ಎಕ್ಸ್‌ರೇ ಆಯಿತು, ಎಂ.ಆರ್.ಐ. ಎಂಬ ಚಿತ್ರವೂ ಆಯಿತು. ಅವರು ಬಹು ಸಾವಧಾನವಾಗಿ ನಮಗೆ ಹೇಳಿದುದನ್ನು ವಾಚಕರ ಉಪಯೋಗಕ್ಕಾಗಿ ಇಲ್ಲಿ ಸಂಗ್ರಹಿಸುತ್ತೇವೆ.

ತೊಡೆಯ ಮುಂಭಾಗದ ದೊಡ್ಡ ಸ್ನಾಯುವು ಮಂಡಿಯನ್ನು ದಾಟಿ ಮೊಳಕಾಲಿನ ಮೂಳೆಗೆ ಅಂಟಿಕೊಳ್ಳುವ ದಾರಿಯಲ್ಲಿ, ಅದರ ರಜ್ಜುವಿನೊಳಗೇ ಹುದುಗಿರುವ ಮೂಳೆಯು ಮಂಡಿಚಿಪ್ಪು. ತೊಡೆಯ ಮೂಳೆಯ ಕೆಳತುದಿಯಲ್ಲಿ ಒಂದು ತೋಡು ಇದೆ. ಬಾವಿಯ ರಾಟೆಯ ತೋಡಿನಲ್ಲಿ ಹಗ್ಗವು ಓಡುವಂತೆ, ಕಾಲನ್ನು ಮಡಿಚಿ ಚಾಚಿದಾಗಲೆಲ್ಲ ಚಿಪ್ಪು ಈ ತೋಡಿನಲ್ಲಿ ಮೇಲೆ ಕೆಳಗೆ ಜಾರುತ್ತದೆ. ಪಾಶ್ಚಾತ್ಯರು ಆ ತೋಡಿಗೆ ಇಟ್ಟಿರುವ ಟ್ರೋಕ್ಲಿಯಾ ಎಂಬ ಹೆಸರಿಗೂ ರಾಟೆಯೆಂದೇ ಅರ್ಥ. ಚಿಪ್ಪಿಗೆ ಅವರು ಹೇಳುವ ಪಟೆಲ್ಲಾ ಎಂಬ ಲ್ಯಾಟಿನ್ ಶಬ್ದಕ್ಕೆ ಚಿಕ್ಕ ತಟ್ಟೆಯೆಂದು ಅರ್ಥ. ನಮ್ಮ ಸುಶ್ರುತನೂ ಮಂಡಿಯ ಮೂಳೆಯನ್ನು ಕಪಾಲಾಸ್ಥಿಗಳಲ್ಲಿ, ಎಂದರೆ ಬೋಗುಣಿಯ ಚೂರಿನಂತಿರುವ ಮೂಳೆಗಳಲ್ಲಿ, ಎಣಿಸಿದ್ದಾನೆ. ದೂರದೂರದ ಇಬ್ಬರ ಕಣ್ಣಿಗೂ ಅದು ಪಾತ್ರೆಯಂತೆಯೇ ಕಂಡಿತು!

ವಾಚಕರು ಒಂದು ಪರೀಕ್ಷೆಯನ್ನು ತಾವೇ ಮಾಡಿ ನೋಡಬಹುದು. ಚಾಪೆಯ ಮೇಲೆ ಕುಳಿತು, ಕಾಲನ್ನು ನೀಳವಾಗಿ ಚಾಚಿ, ತೊಡೆಯನ್ನು ಸಡಿಲಬಿಟ್ಟು, ಚಿಪ್ಪನ್ನು ಬೆರಳುಗಳಿಂದ ಮೆಲ್ಲನೆ ಅಲುಗಿಸಿದರೆ ಅದು ಅತ್ತಿತ್ತ ಸ್ವಲ್ಪ ಸರಿಯುವುದು. ಮಂಡಿಯನ್ನು ಮಡಿಚಿದ ಮೇಲೆ ಹಾಗೆ ಸರಿಯದು. ಕಾರಣವೇನೆಂದರೆ, ಕಾಲು ನೀಳವಾಗಿರುವಾಗ ಚಿಪ್ಪು ತೋಡಿನ ಮೇಲುಗಡೆ ಇರುತ್ತದೆ. ಮಂಡಿಯು ಸುಮಾರು ೨೦ರಿಂದ ೩೦ ಡಿಗ್ರಿಗಳಷ್ಟು ಬಾಗಿದ ಮೇಲೆಯೇ ತೋಡಿನೊಳಕ್ಕೆ ಚೆನ್ನಾಗಿ ಕೂರುತ್ತದೆ. ಅನಂತರ ತೋಡಿನ ಎರಡು ದಡಗಳು ಅದನ್ನು ಕಾಯುತ್ತವೆ. ಅದಕ್ಕೆ ಮುಂಚಿನ ಸ್ವಲ್ಪ ಹೊತ್ತು ಅದನ್ನು ಹೊರಕ್ಕೆ ಜಾರದಂತೆ ಮುಖ್ಯವಾಗಿ ತಡೆಯುವುದು ಒಳಮಗ್ಗುಲಿನ ಒಂದು ತೆಳುವಾದ ಕಟ್ಟು. ಚಿಪ್ಪಿನ ಒಳಅಂಚಿನ ಮೇಲ್ಭಾಗದಿಂದ ತೊಡೆಮೂಳೆಯ ಒಳಬದಿಗೆ ಹೋಗುವ ಈ ಅಸ್ಥಿರಜ್ಜುವನ್ನು ವೈದ್ಯರು ಎಂ.ಪಿ.ಎಫ್. ಲಿಗಮೆಂಟ್ ಎನ್ನುವರು. ತೊಡೆಯ ಸ್ನಾಯುವಿನ ಎಳೆತವು ಸ್ವಲ್ಪ ಹೊರಮುಖವಾಗಿರುವುದರಿಂದ ಚಿಪ್ಪು ಜಾರುವುದಾದರೆ ಬಹುಮಟ್ಟಿಗೆ ಹೊರಕ್ಕೇ ಜಾರುತ್ತದೆ. ಹಾಗೆ ಪೂರ್ತಿಯಾಗಿ ಜಾರಿದಾಗ ಈ ಕಟ್ಟು ಹರಿಯದೆ ಉಳಿಯುವುದು ಅಪೂರ್ವ. ಹರಿದುದು ಮತ್ತೆ ಕೂಡಿಕೊಂಡರೂ ಕೆಲವರಲ್ಲಿ ಸಡಿಲವಾಗಿಯೇ ಉಳಿಯುತ್ತದೆ. ಹುಟ್ಟಿನಿಂದಲೇ ತೋಡು ಆಳವಿಲ್ಲದವರಿಗೂ, ಚಿಪ್ಪು ಇರಬೇಕಾದುದಕ್ಕಿಂತ ಎತ್ತರದಲ್ಲಿರುವವರಿಗೂ ಈ ತೊಂದರೆ ಮರುಕಳಿಸುವ ಸಂಭವ ಹೆಚ್ಚು.

ಆ ಮೆಟ್ಟಿಲಿನ ಮೇಲೆ ಆದುದೇನೆಂಬುದು ನಮಗೆ ಆಗ ಅರ್ಥವಾಯಿತು. ಇಳಿಯುವಾಗ ಮುಂದಿನ ಕಾಲು ಹೆಚ್ಚುಕಡಿಮೆ ನೀಳವಾಗಿಯೇ ಕೆಳಗಿನ ಕಲ್ಲನ್ನು ಮುಟ್ಟುತ್ತದೆ. ಮೈಯ ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಚಿಪ್ಪು ಇನ್ನೂ ತೋಡನ್ನು ಸೇರಿಲ್ಲ. ಅಷ್ಟರಲ್ಲಿ ಪಾದವು ನಿಂತಿದ್ದು ಮೈಯು ತಿರುಗಿತು. ಕಾಯಬೇಕಾದ ಕಟ್ಟು ಇರಲಿಲ್ಲ. ಹತ್ತುವಾಗ ನಮ್ಮೆಲ್ಲರನ್ನೂ ಹಿಂದಿಕ್ಕಿದ ಹುಡುಗಿಯು ಇಳಿಯುವಾಗ ಬಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಮೊದಲ ಸಲ ಜಾರಿದವರಿಗೆಲ್ಲ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲವಂತೆ. ಮೃದ್ವಸ್ಥಿಯ ಚೂರು ಒಡೆದು ಒಳಗೆ ಬಿದ್ದಿಲ್ಲವೆಂಬುದನ್ನು ಚಿತ್ರಗಳಿಂದ ಖಚಿತಪಡಿಸಿಕೊಂಡು, ಕೆಲವು ವಾರ ಮಂಡಿಗೆ ಆಧಾರ ಕಟ್ಟಿ, ತೊಡೆಯ ಸ್ನಾಯುಗಳನ್ನು ಕ್ರಮವಾದ ವ್ಯಾಯಾಮದಿಂದ ಬಲಪಡಿಸಿದರೆ ಅನೇಕರಿಗೆ ಅಷ್ಟೇ ಸಾಕಾಗುವುದು. ಮತ್ತೆ ಮತ್ತೆ ಜಾರುವವರಿಗೆ ಹೊಸ ಕಟ್ಟನ್ನು ಹಾಕುವುದೇ ಮಾರ್ಗ. ನಮ್ಮ ಹುಡುಗಿಗೆ ಮೊದಲ ಸಲ ಪರೀಕ್ಷೆಯೂ ಆಗಲಿಲ್ಲ, ವ್ಯಾಯಾಮವೂ ಆಗಲಿಲ್ಲ. ಎಣ್ಣೆ ಮಾತ್ರ ಆಯಿತು.

ಇಷ್ಟು ತಿಳಿದ ಮೇಲೂ ನಾವು ಅಡ್ಡಬಂದೆವೆಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕಾಗಿದೆ. ಸುಶ್ರುತನು ಜಾನುವನ್ನು ಮರ್ಮಗಳಲ್ಲಿ ಸೇರಿಸಿದ್ದಾನೆ. ಅಲ್ಲಿ ಪೆಟ್ಟಾದರೆ ಕುಂಟುತನವು ಉಂಟಾಗುವುದೆಂದೂ ಶಸ್ತ್ರವನ್ನು ಪ್ರಯೋಗಿಸುವವನು ಮರ್ಮಗಳನ್ನು ತಪ್ಪಿಸಬೇಕೆಂದೂ ಹೇಳಿದ್ದಾನೆ. ಮದುವೆಗೆ ಬಂದ ಹುಡುಗಿಯ ಮರ್ಮಸ್ಥಾನಕ್ಕೆ ಕತ್ತಿ ಹಾಕಿಸುವುದೇ ಎಂದು ನಾವು ಗ್ರಂಥವನ್ನು ಮುಂದಿಟ್ಟು ವಾದಿಸಿದೆವು. ವೈದ್ಯರು ಸಿಟ್ಟಾಗಲಿಲ್ಲ. "ಮೇಷ್ಟ್ರೇ, ಮರ್ಮಕ್ಕೆ ಪೆಟ್ಟು ಈಗಾಗಲೇ ಮೂರು ಸಲ ಬಿದ್ದಿದೆ. ಪ್ರತಿಯೊಂದು ಸಲವೂ ಚಿಪ್ಪಿನ ಹಿಂದಿನ ನುಣುಪು ಸ್ವಲ್ಪ ಕೆಡುತ್ತದೆ. ಅದು ಸವೆದರೆ ಹಿಂದಿರುಗಿ ತರಲು ನನ್ನಲ್ಲಿ ಉಪಾಯವಿಲ್ಲ" ಎಂದರು. ಆ ದಿನ ರಾತ್ರಿ ಹುಡುಗಿಯು ನಮ್ಮ ಬಳಿ ಬಂದು ಕುಳಿತು ಹೇಳಿದಳು: "ಮಾವ, ಕಾಲೇಜು ಬಿಟ್ಟಾಗ ನಾನು ಎಲ್ಲರೂ ಇಳಿದು ಹೋಗುವ ತನಕ ಮಹಡಿಯಲ್ಲೇ ಕಾಯುತ್ತೇನೆ. ಆಮೇಲೆ ಗೋಡೆ ಹಿಡಿದುಕೊಂಡು ಇಳಿಯುತ್ತೇನೆ. ನಿಮಗೆ ಇದು ಗೊತ್ತಿರಲಿಲ್ಲ." ನಮಗೆ ಉತ್ತರ ತೋಚಲಿಲ್ಲ. ಮರುದಿನ ತಂಗಿಯು ನಮ್ಮನ್ನು ಕೇಳದೆಯೇ ಒಪ್ಪಿಗೆ ಕೊಟ್ಟಳು, ಕೇಳದಿದ್ದುದೇ ಸರಿ.

ಈ ಶಸ್ತ್ರಚಿಕಿತ್ಸೆಯು ಹಳೆಯದಲ್ಲ. ಹಿಂದಿನ ವೈದ್ಯರು ಚಿಪ್ಪನ್ನು ಕೆಳಗಿನಿಂದ ಒಳಕ್ಕೆ ಎಳೆದು ಕಟ್ಟಲು ನೋಡುತ್ತಿದ್ದರು. ಅಮೆರಿಕೆಯ ಹೌಸರ್ ಎಂಬವರು ೧೯೩೮ರಲ್ಲಿ, ರಜ್ಜುವು ಅಂಟಿಕೊಂಡಿರುವ ಮೊಳಕಾಲಿನ ಮೂಳೆಯ ಉಬ್ಬನ್ನೇ ಕಿತ್ತು ಒಳಕ್ಕೂ ಕೆಳಕ್ಕೂ ಸರಿಸುವ ವಿಧಾನವನ್ನು ಪ್ರಕಟಿಸಿದರು. ಚಿಪ್ಪು ಜಾರುವುದು ನಿಂತರೂ ಅದರ ಮೇಲೆ ಒತ್ತಡ ಹೆಚ್ಚಿ, ವರ್ಷಗಳು ಕಳೆದ ಮೇಲೆ ಅನೇಕರ ಮಂಡಿಗಳು ಸವೆದುವು. ಹರಿದ ಆ ತೆಳುಕಟ್ಟನ್ನೇ ಹೊಸದಾಗಿ ಹಾಕುವ ವಿಧಾನವನ್ನು ಬ್ರೆಜಿಲ್ ದೇಶದ ಎಲೆರಾ ಗೋಮೆಸ್ ಎಂಬವರು ೧೯೯೨ರಲ್ಲಿ ಪ್ರಕಟಿಸಿದರು. ತೊಡೆಮೂಳೆಯಲ್ಲಿ ಕಟ್ಟನ್ನು ಕೂರಿಸಬೇಕಾದ ಸ್ಥಳವನ್ನು ಎಕ್ಸ್‌ರೇ ಚಿತ್ರದಲ್ಲಿ ಗುರುತಿಸುವ ಕ್ರಮವನ್ನು ಜರ್ಮನಿಯ ಷಾಟ್ಲೆ ಮತ್ತು ಅವರ ಸಂಗಡಿಗರು ೨೦೦೭ರಲ್ಲಿ ತೋರಿಸಿಕೊಟ್ಟರು. ಮೂಳೆಯ ಉಬ್ಬು ತೋಡಿನ ನೇರದಿಂದ ೨೦ ಮಿಲಿಮೀಟರಿಗಿಂತ ಹೆಚ್ಚು ಹೊರಗಿರುವವರಿಗೆ ಕಟ್ಟಿನ ಜೊತೆಗೆ ಅದನ್ನೂ ಸರಿಸುವುದುಂಟು. ನಮ್ಮ ಹುಡುಗಿಗೆ ಅದರ ಅವಶ್ಯಕತೆ ಬೀಳಲಿಲ್ಲ.

ಪರೀಕ್ಷೆಗಳು ಮುಗಿದ ತರುವಾಯ ಕರಾವಳಿಯ ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮೊದಲು ಕಡ್ಡಿಯಷ್ಟು ಸಣ್ಣ ದರ್ಶಕವನ್ನು ಮಂಡಿಯೊಳಗೆ ಇಳಿಸಿ ಮೃದ್ವಸ್ಥಿಯ ಸ್ಥಿತಿಯನ್ನು ನೋಡಿದರಂತೆ. ಬಳಿಕ ಅದೇ ಕಾಲಿನ ಒಳತೊಡೆಯ ಒಂದು ಸಣ್ಣ ರಜ್ಜುವನ್ನು ತೆಗೆದುಕೊಂಡರು. ಅದಿಲ್ಲದೆಯೂ ಉಳಿದ ಸ್ನಾಯುಗಳು ಕೆಲಸವನ್ನು ನಡೆಸಿಕೊಂಡು ಹೋಗಬಲ್ಲುವು. ಅದರ ಒಂದು ಕಡೆಯನ್ನು ಚಿಪ್ಪಿನ ಒಳಅಂಚಿಗೂ ಇನ್ನೊಂದು ಕಡೆಯನ್ನು ತೊಡೆಮೂಳೆಯಲ್ಲಿ ಕೊರೆದ ರಂಧ್ರಕ್ಕೂ ಭದ್ರಪಡಿಸಿದರು. ಇಲ್ಲಿ ವೈದ್ಯರು ಹೇಳಿದ ಒಂದು ಮಾತು ನಮ್ಮ ಮನಸ್ಸಿನಲ್ಲಿ ನಿಂತಿದೆ. ಹೊಸ ಕಟ್ಟು ಚಿಪ್ಪನ್ನು ಒಳಕ್ಕೆ ಎಳೆಯಕೂಡದು. ಹೊರಕ್ಕೆ ಹೋಗುವಾಗ ಮಾತ್ರ ತಡೆಯಬೇಕು. ಬಿಗಿ ಹೆಚ್ಚಾದರೂ, ರಂಧ್ರದ ಸ್ಥಳವು ಕೆಲವೇ ಮಿಲಿಮೀಟರು ತಪ್ಪಿದರೂ, ಮಂಡಿಯು ಮಡಿಚಲಾರದು ಇಲ್ಲವೆ ಚಿಪ್ಪು ಒತ್ತಿ ಸವೆಯುವುದು. ಹಸುವಿಗೆ ಮೇಯುವಷ್ಟು ಹಗ್ಗ ಬಿಟ್ಟು ಪಕ್ಕದ ಗದ್ದೆಗೆ ಹೋಗದಷ್ಟು ಹಿಡಿದು ಕಟ್ಟುವ ನಮ್ಮ ಗೋಪಾಲಕರ ಲೆಕ್ಕವೇ ಇದು. ಅಪಾಯಗಳೇ ಇಲ್ಲವೆಂದೂ ಅವರು ಹೇಳಲಿಲ್ಲ. ಕೀವಾಗುವುದು, ಮಂಡಿ ಬಿರುಸಾಗುವುದು, ಚಿಪ್ಪು ಬಿರುಕುಬಿಡುವುದು, ಅಪರೂಪಕ್ಕೆ ಮತ್ತೆ ಜಾರುವುದು, ಇವನ್ನೆಲ್ಲ ಮೊದಲೇ ತಿಳಿಸಿ ರುಜು ತೆಗೆದುಕೊಂಡರು.

ಕತ್ತಿಯ ಕೆಲಸ ಒಂದೂವರೆ ಗಂಟೆಯದು. ಉಳಿದ ಕೆಲಸವು ಅನೇಕ ತಿಂಗಳಿನದು. ಮೊದಲ ವಾರಗಳಲ್ಲಿ ಕಾಲಿಗೆ ಆಧಾರಪಟ್ಟಿ, ಕಂಕುಳಲ್ಲಿ ಊರುಗೋಲು. ಕಾಲನ್ನು ನೀಳವಾಗಿಟ್ಟು ಮೇಲೆತ್ತುವುದು, ದಿನಕ್ಕಿಷ್ಟೆಂದು ಮಡಿಚುವುದು, ಬಳಿಕ ಒಂದು ಮಣೆಯ ಮೇಲೆ ಹತ್ತಿ ಇಳಿಯುವುದು, ಹೀಗೆ ಫಿಸಿಯೊಥೆರಪಿಯವರು ಒಂದೊಂದೇ ಮೆಟ್ಟಿಲು ಏರಿಸಿದರು. ಆಪರೇಷನ್ನಾದ ಕಾಲಿನ ತೊಡೆಯು ಇನ್ನೊಂದಕ್ಕಿಂತ ಸಣಕಲಾಗಿಬಿಟ್ಟಿತ್ತು. ಅದನ್ನು ನೋಡಿ ತಾಯಿಯು ಮರೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಹುಡುಗಿಯು ಬೇಸರಪಟ್ಟ ದಿನಗಳೂ ಇದ್ದುವು. ಅಂಥ ಒಂದು ದಿನ ನಾವು ಸುಶ್ರುತನನ್ನು ಮತ್ತೆ ತೆರೆದೆವು. ಈ ಸಲ ವಾದಕ್ಕಾಗಿ ಅಲ್ಲ. ಅಂಗೈಯ ಮೂಳೆ ಮುರಿದು ಕೂಡಿದವನಿಗೆ ಮೊದಲು ಮಣ್ಣಿನ ಉಂಡೆಯನ್ನೂ, ಆಮೇಲೆ ಉಪ್ಪಿನ ಹೆಂಟೆಯನ್ನೂ, ಬಲ ಬಂದ ಬಳಿಕ ಕಲ್ಲನ್ನೂ ಹಿಡಿಸಬೇಕೆಂದು ಅವನು ವಿಧಿಸಿದ್ದಾನೆ. ಮೃದುವಿನಿಂದ ಕಠಿಣಕ್ಕೆ, ಹಗುರದಿಂದ ಭಾರಕ್ಕೆ! ಗ್ರಂಥವು ಮೂವತ್ತು ವರ್ಷಗಳಿಂದ ನಮ್ಮ ಕಪಾಟಿನಲ್ಲಿಯೇ ಇತ್ತು. ಕತ್ತಿ ಬೇಡವೆನ್ನುವುದಕ್ಕೆ ಸಾಲುಗಳನ್ನು ಹುಡುಕಿದ ನಾವು, ಅದನ್ನು ಬರೆದವನು ಸ್ವತಃ ಶಸ್ತ್ರವೈದ್ಯನೆಂಬುದನ್ನೇ ಮರೆತಿದ್ದೆವು. ಇದನ್ನು ಹುಡುಗಿಗೆ ಹೇಳಿದಾಗ ಅವಳು ನಕ್ಕು, "ಹಾಗಾದರೆ ನನ್ನದು ಈಗ ಮಣ್ಣಿನ ಉಂಡೆಯೋ ಉಪ್ಪೋ, ಮಾವ?" ಎಂದಳು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಅದೇ ಲೆಕ್ಕವಾಯಿತು. ಕಲ್ಲು ಯಾವುದೆಂದು ಕೇಳಿದರೆ ಅವಳು, "ಕವಲೇದುರ್ಗದ್ದು" ಎನ್ನುತ್ತಿದ್ದಳು.

ವೈದ್ಯರ ಅನುಮತಿ ದೊರೆತು, ಬಹಳ ದಿನ ಅಭ್ಯಾಸವೂ ಆದ ಮೇಲೆ, ಈ ವರ್ಷದ ಮಾರ್ಗಶಿರದಲ್ಲಿ ನಾವಿಬ್ಬರೇ ಹೊರಟೆವು. ತಂಗಿಯು ಬರಲಿಲ್ಲ, ನೋಡುತ್ತ ನಿಲ್ಲಲು ತನ್ನಿಂದಾಗದೆಂದಳು. ಅದೇ ಗದ್ದೆ, ಅದೇ ಕಲ್ಲುದಾರಿ, ಅದೇ ಬಾಗಿಲುಗಳು. ಈ ಸಲ ಹುಡುಗಿಯು ನಮ್ಮ ಜೊತೆಯಲ್ಲಿಯೇ ಹತ್ತಿದಳು. ಶಿಖರೇಶ್ವರನಿಗೆ ಕೈಮುಗಿದು, ಕಟ್ಟಿಕೊಂಡು ಹೋಗಿದ್ದ ಮೊಸರನ್ನವನ್ನು ಉಂಡು, ಬಿಸಿಲು ಇರುವಾಗಲೇ ಇಳಿಯಲು ತೊಡಗಿದೆವು. ಆ ಮೆಟ್ಟಿಲುಗಳು ಬಂದೊಡನೆ ನಾವು ಕೈ ನೀಡಿದೆವು. ಅವಳು ಹಿಡಿಯಲಿಲ್ಲ. "ನೀವು ಮುಂದೆ ಹೋಗಿ, ಮಾವ. ಹಿಂದಿನಿಂದ ಮಾತ್ರ ಕರೆಯಬೇಡಿ" ಎಂದಳು. ನಾವು ಹತ್ತು ಹೆಜ್ಜೆ ಕೆಳಗೆ ಹೋಗಿ, ತಿರುಗಿ ನೋಡುವ ಧೈರ್ಯವಿಲ್ಲದೆ, ಗೋಡೆಯ ಕಡೆಗೆ ಮುಖ ಮಾಡಿ ನಿಂತೆವು. ಎಡಗಾಲು, ಬಲಗಾಲು, ಮತ್ತೆ ಎಡಗಾಲು; ಕಲ್ಲಿನ ಮೇಲೆ ಪಾದದ ಸಪ್ಪಳವು ನಿಧಾನವಾಗಿ ಹತ್ತಿರವಾಯಿತು. ನಮ್ಮ ಪಕ್ಕದಲ್ಲಿ ನಿಂತು ಅವಳು ಒಂದು ಉಸಿರು ಬಿಟ್ಟು, ಏನೂ ಹೇಳದೆ ಮುಂದಕ್ಕೆ ನಡೆದಳು.

ಮನೆಯಲ್ಲಿ ಬೆಳೆಯುವ ಮಕ್ಕಳಿರುವ ಗೃಹಸ್ಥರಲ್ಲಿ ನಮ್ಮ ವಿನಂತಿ ಇಷ್ಟೇ. ಮಗುವಿನ ಮಂಡಿಚಿಪ್ಪು ಒಮ್ಮೆ ಜಾರಿತೆಂದು ತಿಳಿದರೆ ಎಣ್ಣೆಯ ಭರವಸೆಯಲ್ಲಿ ಕುಳಿತಿರದೆ ಮೂಳೆಯ ವೈದ್ಯರಿಗೆ ತೋರಿಸಿರಿ. ಹೇಳಿಕೊಟ್ಟ ವ್ಯಾಯಾಮವನ್ನು ನೋವು ಕಡಿಮೆಯಾಯಿತೆಂದು ನಡುವೆ ಬಿಡಿಸಬೇಡಿರಿ. ಬಿದ್ದುದನ್ನು ನಿಮ್ಮ ಮುಂದೆ ಹೇಳಲು ಮಗುವು ಹೆದರದಂತೆ ನಡೆದುಕೊಳ್ಳಿರಿ. ಮೆಟ್ಟಿಲು ಹತ್ತುವುದನ್ನು ನೋಡಿ ಸಮಾಧಾನಪಡದೆ ಇಳಿಯುವುದನ್ನೂ ನೋಡಿರಿ. ಕವಲೇದುರ್ಗಕ್ಕೆ ಹೋಗುವವರು ಮಳೆಗಾಲವನ್ನು ಬಿಟ್ಟು, ಹಿಡಿತವುಳ್ಳ ಪಾದರಕ್ಷೆಯನ್ನು ಮೆಟ್ಟಿ, ನೀರನ್ನು ಜೊತೆಯಲ್ಲಿ ಒಯ್ಯುವುದು ಲೇಸು.

ಕೆಳಗಿನ ಹಳ್ಳಿಯನ್ನು ಮುಟ್ಟಿದ ಮೇಲೆ ತಂಗಿಗೆ ಫೋನು ಮಾಡಿದೆವು. ಶಿಖರದ ಮಾತನ್ನೂ ದೇವರ ಮಾತನ್ನೂ ಅವಳು ಕೇಳಲಿಲ್ಲ. "ಇಳಿದಳೇ?" ಎಂದಷ್ಟೇ ಕೇಳಿದಳು. "ಇಳಿದಳು" ಎಂದೆವು.